ಹೆಪ್ಪಿನಷ್ಟು ನೀರು

ಮಾರ್ಚ್ 3, ಸೋಮವಾರ

ಪ್ರಯೋಗಾಲಯದಲ್ಲಿ ಹಳೆಯ ರಿಜಿಸ್ಟರೊಂದು ಅರ್ಧ ಖಾಲಿ ಉಳಿದಿತ್ತು, ಕೇಳಿ ಎತ್ತಿಕೊಂಡು ಬಂದೆ. ಗೊಣಗಲು ನನಗೊಂದು ಜಾಗ ಬೇಕಿತ್ತು. ಇವರ ಹತ್ತಿರ ಗೊಣಗುವಂತಿಲ್ಲ, ಗಂಡನೇ ಆದರೂ ದೇವಸ್ಥಾನದ ಅರ್ಚಕರು. ಮಾವನ ಹತ್ತಿರವಂತೂ ಸಾಧ್ಯವೇ ಇಲ್ಲ, ಅವರು ಪ್ರಧಾನ ಅರ್ಚಕರು.

ವಿಷಯ ಇಷ್ಟೇ. ನಮ್ಮ ದೇವಿಯ ಮೂರ್ತಿಯ ಕೈ ಬಿರುಕು ಬಿಟ್ಟಿತ್ತು. ಮುಕ್ಕಾದ ಮೂರ್ತಿಗೆ ಪೂಜೆ ಸಲ್ಲದೆಂದು ಹೊಸದನ್ನು ಕೆತ್ತಿಸುತ್ತಿದ್ದಾರೆ, ಗರ್ಭಗುಡಿಯನ್ನೂ ಕೆಡವಿ ಕಟ್ಟುತ್ತಿದ್ದಾರೆ. ಅಲ್ಲಿಯವರೆಗೆ ದೇವಿ ಎಲ್ಲಿರಬೇಕು? ನಿನ್ನೆ ಮಾವ ಮೂರು ಗಂಟೆ ಕೂತು ಮಂತ್ರ ಹೇಳಿ, ಹಳೆಯ ಮೂರ್ತಿಯಲ್ಲಿದ್ದ ಕಳೆಯನ್ನು, ಅಂದರೆ ದೇವಿಯ ಶಕ್ತಿಯನ್ನು, ಒಂದು ತಾಮ್ರದ ಕಲಶದ ನೀರಿಗೆ ಇಳಿಸಿದರು. ಬರಿದಾದ ಮೂರ್ತಿಯನ್ನು ಸಂಜೆಯೇ ಹೊಳೆಯ ಮಡುವಿಗೆ ಬಿಟ್ಟು ಬಂದಾಯಿತು. ಕಲಶ ನಮ್ಮ ಮನೆಯ ಹಿಂದಿನ ಕೋಣೆಗೆ ಬಂತು. ನಲವತ್ತೆಂಟನೆಯ ದಿನ, ಅಂದರೆ ಏಪ್ರಿಲ್ ಹದಿನೆಂಟಕ್ಕೆ, ಆ ನೀರನ್ನು ಹೊಸ ಮೂರ್ತಿಯ ಮೇಲೆ ಸುರಿದರೆ ದೇವಿ ಅದರೊಳಗೆ ಹೋಗುತ್ತಾಳಂತೆ. ಅಲ್ಲಿಯವರೆಗೆ ನೀರು ತೆಗೆಯುವಂತಿಲ್ಲ, ಸೇರಿಸುವಂತಿಲ್ಲ, ಅದನ್ನು ಕದಲಿಸುವಂತಿಲ್ಲ.

ಕಾವಲು ಯಾರು? ನಾನು! ಹದಿನಾಲ್ಕು ವರ್ಷದಿಂದ ಊರಿನ ನಲ್ಲಿ ನೀರು ಪರೀಕ್ಷಿಸುತ್ತ ಬಂದವಳು. ನೀರಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಾನ್ಯಾಕೆ ಮಾವ? ನನಗೆ ಇದ್ರಲ್ಲೆಲ್ಲ ಅಷ್ಟು ನಂಬಿಕೆ ಇಲ್ಲ ಅಂತ ನಿಮಗೆ ಗೊತ್ತಲ್ಲ" ಎಂದೆ.

"ನಂಬಿಕೆ ಇಲ್ದೋರೇ ಕಾವಲಿಗೆ ವಾಸಿ ಕಣಮ್ಮ. ನಂಬೋರು ಕಣ್ಮುಚ್ಚಿ ಕೂತ್ಬಿಡ್ತಾರೆ. ಬೆಳಿಗ್ಗೆ ದೀಪ ಹಚ್ಚು, ಗಾಳಿ ಬಂದ್ರೆ ಕಿಟಕಿ ಹಾಕು, ಅಷ್ಟೇ. ಎಡಗೈಲೇ ಹಚ್ಚು, ನೀನು ಎಡಚಿ ಅಂತ ಅವಳಿಗೂ ಗೊತ್ತು."

ಮದುವೆಯಾದ ದಿನದಿಂದ ಅವರಿಗೆ ನಾನು ಎಡಚಿ. ಸಿಟ್ಟು ಬರುವುದಿಲ್ಲ. ಅತ್ತೆ ತೀರಿಕೊಂಡು ಆರು ವರ್ಷವಾಯಿತು, ಅವರು ಹಾಕಿಟ್ಟಿದ್ದ ಹೆಪ್ಪನ್ನೇ ದಿನಾ ಮುಂದುವರಿಸಿಕೊಂಡು ಬಂದಿದ್ದೇನೆ. ಮಾವ ಊಟದ ಕೊನೆಗೆ "ಹಾಕೋಳು ಎಡಚಿ, ಮೊಸರು ಮಾತ್ರ ಈಗ್ಲೂ ನಿಮ್ಮತ್ತೇದೇ" ಎಂದು ಹೇಳದ ದಿನವಿಲ್ಲ.

ಆಯಿತು. ಚೊಂಬು ಕಾಯುತ್ತೇನೆ. ಹಾರಿಯಂತೂ ಹೋಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಅಕ್ಷರ ಹೇಗೆ ಬಂದರೆ ಹಾಗೆ ಬರಲಿ, ಬರೆದುಬಿಡುತ್ತೇನೆ.

ಬೆಳಿಗ್ಗೆ ಜೋರು ಗಾಳಿ. ಹಿಂದಿನ ಕೋಣೆಯ ಕಿಟಕಿಯ ಚಿಲಕ ಮೇಲಿದೆ, ಸ್ಟೂಲು ಹತ್ತಿದೆ. ಇಳಿಯುವಾಗ ಶಾಲಿನ ಅಂಚು ಎಲ್ಲಿ ಸಿಕ್ಕಿಕೊಂಡಿತೋ ಕಾಣಲಿಲ್ಲ. ಎಳೆದೆ. ಹಿಂದಿನಿಂದ ಢಣ್ ಎಂದಿತು.

ಕಲಶ ಮಣೆಯಿಂದ ಉರುಳಿ ಗೋಡೆಗೆ ಬಡಿದು ನಿಂತಿತ್ತು. ತೆಂಗಿನಕಾಯಿ ಬಾಗಿಲ ಹತ್ತಿರ ಹೋಗಿತ್ತು. ನೀರು ಕಲಶದ ಕೆಳಗಿದ್ದ ಅಕ್ಕಿಯ ಹಾಸಿಗೆಯನ್ನೆಲ್ಲ ನೆನೆಸಿ ನೆಲದ ಮೇಲೆ ಹರಿಯುತ್ತಿತ್ತು. ಓಡಿ ಹೋಗಿ ಎತ್ತಿ ನಿಲ್ಲಿಸಿದೆ. ಒಳಗೆ ಇಣುಕಿದರೆ ತಳದಲ್ಲಿ ಒಂದು ಗುಟುಕಿನಷ್ಟು ಉಳಿದಿತ್ತು.

ಮನೆಯಲ್ಲಿ ಯಾರೂ ಇರಲಿಲ್ಲ. ಮಾವ, ಇವರು ಇಬ್ಬರೂ ಗುಡಿ ಕಟ್ಟುವ ಕಡೆ ಹೋಗಿದ್ದರು. ಆಮೇಲೆ ಏನು ಮಾಡಿದೆನೆಂದರೆ, ಅಡುಗೆಮನೆಗೆ ಹೋಗಿ ನಲ್ಲಿಯಿಂದ ಒಂದು ಜಗ್ ನೀರು ಹಿಡಿದು ತಂದು ಕಲಶಕ್ಕೆ ತುಂಬಿದೆ. ಕತ್ತಿನವರೆಗೆ ಇತ್ತು, ಕತ್ತಿನವರೆಗೇ ತುಂಬಿದೆ. ಕಲಶಕ್ಕೆ ಮಾವ ಸುತ್ತಿದ್ದ ದಾರ ಜಾರಿ ಬಂದಿತ್ತು, ಮೊದಲಿದ್ದಂತೆ ಬಲೆಯ ಹಾಗೆ ಕಣ್ಣುಕಣ್ಣಾಗಿ ಸುತ್ತಿ ಗಂಟು ಹಾಕಿದೆ. ಡಬ್ಬಿಯಿಂದ ಹೊಸ ಅಕ್ಕಿ ತಂದು ಹರಡಿದೆ. ನೆಲ ಒರೆಸಿದೆ. ಎಲೆ, ತೆಂಗಿನಕಾಯಿ, ಎಲ್ಲ ಇದ್ದಲ್ಲೇ ಇಟ್ಟೆ.

ಒದ್ದೆ ಅಕ್ಕಿ ಉಳಿಯಿತು. ಬಿಸಾಡಲು ಮನಸ್ಸಾಗಲಿಲ್ಲ. ಅಕ್ಕಿ ಅಕ್ಕಿಯೇ ಎಂದುಕೊಂಡು ಮಧ್ಯಾಹ್ನದ ಅನ್ನಕ್ಕೆ ಹಾಕಿಬಿಟ್ಟೆ. ಮಾವ ಎರಡು ಸಲ ಹಾಕಿಸಿಕೊಂಡರು. "ಏನೇ ಎಡಚಿ, ಇವತ್ತು ಅನ್ನ ಮಲ್ಲಿಗೆ ಆಗಿದೆ" ಎಂದರು.

ಹೇಳಬೇಕಿತ್ತು. ಆಗಲೇ ಹೇಳಿಬಿಡಬೇಕಿತ್ತು. ನಾಳೆ ಹೇಳುತ್ತೇನೆ. ಅವರು ಬೈದಾರು, ಇನ್ನೊಮ್ಮೆ ಮಂತ್ರ ಹೇಳಿ ಏನೋ ಸರಿ ಮಾಡಿಯಾರು. ಎಲ್ಲದಕ್ಕೂ ಅವರ ಹತ್ತಿರ ಒಂದು ದಾರಿ ಇದ್ದೇ ಇರುತ್ತದೆ.

ಮಾರ್ಚ್ 12, ಬುಧವಾರ

ಮಾವ ಬಚ್ಚಲಲ್ಲಿ ಬಿದ್ದರು. ಬಲಗೈ ಬಲಗಾಲು ಏಳುತ್ತಿಲ್ಲ. ಮಾತು ಹೋಗಿದೆ.

ಮಾರ್ಚ್ 15, ಶನಿವಾರ

ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಹಸಿರು ಬಾಗಿಲು. ಡಾಕ್ಟರಮ್ಮ ಚಿತ್ರ ತೋರಿಸಿ ಮಿದುಳಿನ ಈ ಭಾಗಕ್ಕೆ ರಕ್ತ ಹೋಗಿಲ್ಲ ಎಂದು ವಿವರಿಸಿದರು. ವಯಸ್ಸು, ರಕ್ತದೊತ್ತಡ, ಮಾತ್ರೆ ಬಿಟ್ಟದ್ದು. ನಾನು ತಲೆಯಾಡಿಸಿದೆ. ಎಲ್ಲ ಅರ್ಥವಾಯಿತು, ಒಂದೂ ಒಳಗೆ ಇಳಿಯಲಿಲ್ಲ.

ಎರಡು ಸಲ ಹಾಕಿಸಿಕೊಂಡು ಉಂಡರಲ್ಲ.

ಇವರೂ ಉಂಡಿದ್ದಾರೆ, ನಾನೂ ಉಂಡಿದ್ದೇನೆ, ನಮಗೇನೂ ಆಗಿಲ್ಲ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಮರುಕ್ಷಣವೇ ನಮ್ಮ ಸರದಿ ಇನ್ನೂ ಬಂದಿಲ್ಲವೇನೋ ಎನಿಸುತ್ತದೆ.

ದೇವಸ್ಥಾನದ ಅಧ್ಯಕ್ಷರು ನೋಡಲು ಬಂದಿದ್ದರು. ಯಾವ ಸಭೆಯಾದರೂ ಮೊದಲು ಮೈಕು ಹಿಡಿಯುವುದು ಅವರೇ, ಊರೆಲ್ಲ ಅವರನ್ನು ಮೈಕು ಎಂದೇ ಕರೆಯುತ್ತದೆ. ಆಸ್ಪತ್ರೆಯಲ್ಲೂ ದನಿ ತಗ್ಗಲಿಲ್ಲ. "ಯಜಮಾನ್ರು ಎಂಥಾ ಪುಣ್ಯಾತ್ಮರು ನೋಡಿ! ಮಲಗೋ ಮುಂಚೆ ದೇವೀನ ಭದ್ರವಾಗಿ ಕಲಶಕ್ಕೆ ಇಳಿಸಿಟ್ಟಿದಾರೆ. ಇಲ್ದಿದ್ರೆ ನಮ್ಮ ಗತಿ ಏನು? ಹಳೇ ಮೂರ್ತಿ ನೀರು ಪಾಲಾಯ್ತು, ಇನ್ನು ಇಳಿಸೋದು ಅಂದ್ರೆ ಎಲ್ಲಿಂದ ಇಳಿಸೋದು? ಇಳಿಸೋರು ಯಾರು?"

ನಾನು ಎದ್ದು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಂಡೆ.

ಮಾರ್ಚ್ 20, ಗುರುವಾರ

ಹಾಲು ಹೆಪ್ಪುಗಟ್ಟಲಿಲ್ಲ.

ರಾತ್ರಿಯ ಚಳಿ ಇನ್ನೂ ಹೋಗಿಲ್ಲ, ಆಸ್ಪತ್ರೆ ಮನೆ ಎಂದು ಓಡಾಡುವುದರಲ್ಲಿ ಹಾಲು ಬೆಚ್ಚಗಿತ್ತೋ ಆರಿತ್ತೋ ನೋಡಿರಲಿಲ್ಲ. ಬೇರೆ ಯಾವಾಗಲಾದರೂ ಆಗಿದ್ದರೆ ಕಾರಣ ಇಷ್ಟೇ. ಇವತ್ತು ಪಾತ್ರೆಯ ಮುಚ್ಚಳ ತೆಗೆದು ನೀರು ನೀರಾದ ಹಾಲು ಕಂಡ ಕೂಡಲೇ ಕಲಶ ನೆನಪಾಯಿತು. ಹಳೆಯ ಮೊಸರು ಒಂದು ತೊಟ್ಟೂ ಇಟ್ಟುಕೊಂಡಿರಲಿಲ್ಲ. ಅತ್ತೆಯ ಮೊಸರು ನನ್ನ ಕೈಯಲ್ಲೇ ಮುಗಿಯಿತು ಎಂದು ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಕೆಳಮನೆಯಾಕೆ ಸದ್ದು ಕೇಳಿ ಬಂದರು. "ಅಯ್ಯೋ ಅಷ್ಟಕ್ಕೆ ಅಳ್ತೀರಾ? ಹೋದ್ವಾರ ನಿಮ್ಮನೇದೇ ಹೆಪ್ಪು ಇಸ್ಕೊಂಡು ಹೋಗಿದ್ನಲ್ಲ. ತಗೊಳ್ಳಿ, ನಿಮ್ಮದು ನಿಮಗೆ" ಎಂದು ಒಂದು ಬಟ್ಟಲು ತಂದುಕೊಟ್ಟರು.

ಕೆಲಸಕ್ಕೆ ಹೋಗುವ ಮುಂಚೆ ಹಿಂದಿನ ಕೋಣೆಗೆ ಹೋಗಿ ಕಿಟಕಿಯನ್ನು ಎರಡು ಸಲ ಎಳೆದು ನೋಡಿದೆ. ಕಲಶದ ಸುತ್ತ ಮೂರು ಇಟ್ಟಿಗೆ ಒತ್ತು ಕೊಟ್ಟಿದ್ದೇನೆ. ಇಟ್ಟಿಗೆ ಒರಟು, ತಾಮ್ರಕ್ಕೆ ತಾಗೀತು ಎಂದು ಬಟ್ಟೆ ಸುತ್ತಿದೆ.

ಮಾರ್ಚ್ 26, ಬುಧವಾರ

ಇವತ್ತು ಮಾಡಿದ್ದನ್ನು ಯಾರಿಗಾದರೂ ಹೇಳಿದರೆ ನನಗೆ ತಲೆ ಕೆಟ್ಟಿದೆ ಎಂದಾರು.

ಬೆಳಿಗ್ಗೆ ತೆಂಗಿನಕಾಯಿ ಸ್ವಲ್ಪ ಸರಿಸಿ, ಡ್ರಾಪರಿನಿಂದ ಒಂದಿಷ್ಟು ನೀರು ತೆಗೆದು ಪುಟ್ಟ ಬಾಟಲಿಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಒಯ್ದೆ. ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಮಾತ್ರೆ ಹಾಕಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿರುಗದಿದ್ದರೆ? ತಿರುಗದಿದ್ದರೂ ಏನೂ ಗೊತ್ತಾಗುವುದಿಲ್ಲ. ಹದಿನೈದು ದಿನ ತಾಮ್ರದಲ್ಲಿ ನಿಂತ ನೀರಲ್ಲಿ ಕ್ಲೋರಿನ್ ಎಲ್ಲಿ ಉಳಿಯುತ್ತದೆ? ಹೊಸದಾಗಿ ಸೇರಿದ ಹುಡುಗಿಗೂ ಇಷ್ಟು ಗೊತ್ತು. ಆದರೂ ಒಯ್ದೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಮಾತ್ರೆಯ ಹಾಳೆ ಹರಿದೆ. ಆ ಚೂರು ನೀರು ಬೆಳಕಿಗೆ ನಿಂತು ನನ್ನನ್ನೇ ನೋಡುತ್ತಿದ್ದಂತೆ ಇತ್ತು. ದಿನಕ್ಕೆ ನಲವತ್ತು ಬಾಟಲಿಗೆ ಮಾತ್ರೆ ಹಾಕುವ ಕೈ, ಇದಕ್ಕೆ ಹಾಕಲು ಏಳಲೇ ಇಲ್ಲ. ಅವಳಿಗೆ ಉರಿದರೆ?

ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದೆ. ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಬಸ್ಸು ಕುಲುಕುತ್ತದೆ, ಅದಕ್ಕೇ ನಡೆದುಕೊಂಡೇ ಬಂದೆ, ಒಂದೂವರೆ ಗಂಟೆ ಹಿಡಿಯಿತು. ಕಲಶಕ್ಕೆ ವಾಪಸು ಹಾಕಿ, ತಪ್ಪಾಯ್ತು ಎಂದೆ.

ಮಾರ್ಚ್ 27, ಗುರುವಾರ

ದೀಪ ತಾನಾಗಿ ಆರಿತ್ತು. ಎಣ್ಣೆ ಮುಗಿದಿರಲಿಲ್ಲ.

ಏಪ್ರಿಲ್ 2, ಬುಧವಾರ

ಮಾವ ಮನೆಗೆ ಬಂದರು. ಗಾಲಿಕುರ್ಚಿಯಲ್ಲಿ ಕೂರಿಸಿ ಇವರು ತಳ್ಳಿಕೊಂಡು ಬಂದರು. ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಮಾವ ಮೊದಲು ಎಡಗೈ ತೋರಿಸಿದ್ದು ಹಿಂದಿನ ಕೋಣೆಯ ಕಡೆಗೆ. ಬಾಗಿಲಿಗೆ ಒಯ್ದು ನಿಲ್ಲಿಸಿದೆವು. ಕಲಶವನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಮೂರು ವಾರದಲ್ಲಿ ಮೊದಲ ಸಲ ಅವರ ಬಾಯಿಂದ ಒಂದು ಮಾತು ಬಂತು.

"ಎಡ... ಎಡ..."

ಇವರು ಚಿಕ್ಕ ಮಗುವಿನಂತೆ ಕೂಗಿಕೊಂಡರು. "ಕೇಳಿಸ್ತಾ? ನಿನ್ನನ್ನೇ ಕರೀತಿದಾರೆ ಕಣೇ! ಎಡಚಿ ಅಂತಿದಾರೆ!"

ನಾನು ಅವರ ಕಾಲ ಹತ್ತಿರ ಕೂತು ಬಿಕ್ಕಿಬಿಕ್ಕಿ ಅತ್ತೆ. ಯಾರನ್ನು ನಾನು ಬೀಳಿಸಿದೆನೋ ಅವರು ಮೊದಲು ನನ್ನನ್ನೇ ಕರೆದರು. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಏಪ್ರಿಲ್ 9, ಬುಧವಾರ

ಮಾವನಿಗೆ ಎಡಗೈಯಲ್ಲಿ ಉಣ್ಣಲು ಕಲಿಸುತ್ತಿದ್ದೇನೆ. ಚಮಚವನ್ನು ಹೇಗೆ ಓರೆ ಹಿಡಿಯಬೇಕು, ತಟ್ಟೆಯನ್ನು ಯಾವ ಕಡೆ ಇಟ್ಟುಕೊಳ್ಳಬೇಕು ಎಂದೆಲ್ಲ ಹೇಳಿಕೊಡಲು ಈ ಮನೆಯಲ್ಲಿ ನನ್ನಷ್ಟು ಅನುಭವ ಯಾರಿಗಿದೆ? "ಈಗ ನೀವೂ ನಮ್ಮ ಜಾತಿಗೆ ಸೇರಿದ್ರಿ ಮಾವ" ಎಂದೆ. ಸೊಟ್ಟ ಬಾಯಲ್ಲೇ ನಕ್ಕರು. ನಗು ಕಂಡು ಸಂತೋಷವಾಗಬೇಕಿತ್ತು, ನನಗೆ ಇನ್ನಷ್ಟು ಭಯವಾಯಿತು. ಈ ಮನುಷ್ಯನಿಗೆ ನಾನು ಏನು ಮಾಡಿಬಿಟ್ಟೆ!

ಹೊಸ ಮೂರ್ತಿಯನ್ನು ಮೂರು ದಿನ ನೀರಿನಲ್ಲಿ ಮಲಗಿಸಿದ್ದಾರೆ. ಪ್ರತಿಷ್ಠೆಗೆ ಮುಂಚೆ ಹಾಗೆ ಮಾಡುವುದು ಶಾಸ್ತ್ರ. ಕೆಲಸ ಮುಗಿಸಿ ಬರುವಾಗ ನೋಡಲು ಹೋದೆ. ಸಿಮೆಂಟಿನ ತೊಟ್ಟಿಯ ತಳದಲ್ಲಿ ಕಪ್ಪು ಕಲ್ಲಿನ ಹೆಣ್ಣು ಮಲಗಿದ್ದಳು. ಕಣ್ಣು ಇನ್ನೂ ಕೆತ್ತಿಲ್ಲ, ಅದು ಕೊನೆಗೆ.

"ಇಷ್ಟು ದಿನ ಯಾಕೆ ನೆನೆಸ್ತೀರಿ?" ಎಂದು ಶಿಲ್ಪಿಯನ್ನು ಕೇಳಿದೆ. ಮೈಯೆಲ್ಲ ಕಲ್ಲಿನ ಹುಡಿ, ತೊಟ್ಟಿಯ ಅಂಚಿನಲ್ಲಿ ಕೂತು ಟೀ ಕುಡಿಯುತ್ತಿದ್ದ.

"ಶಾಸ್ತ್ರ ಏನೋ ಇರ್ಬೋದು ಅಕ್ಕ. ನಮ್ಮ ಲೆಕ್ಕ ಬೇರೆ. ಕಲ್ಲಲ್ಲಿ ಕೂದಲೆಳೆ ಬಿರುಕಿದ್ರೂ ನೀರು ಒಳಗೆ ಹೋಗಿ ಕೂತ್ಬಿಡುತ್ತೆ. ಹೊರಗೆ ತೆಗೆದಾಗ ಎಲ್ಲಾ ಕಡೆ ಒಣಗುತ್ತೆ, ಅಲ್ಲಿ ಮಾತ್ರ ಗೆರೆ ಉಳ್ಕೊಳ್ಳುತ್ತೆ. ನೀರಿನ ಹತ್ರ ಏನೂ ಮುಚ್ಚಿಡಕ್ಕಾಗಲ್ಲ."

ಅವನು ಸಹಜವಾಗಿ ಹೇಳಿದ. ನಾನು ಮತ್ತೆ ಅಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ನಿನ್ನ ಮೂರ್ತಿ ನೋಡಿ ಬಂದೆ, ಮೂಗು ಚೆನ್ನಾಗಿದೆ ಎಂದು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಏಪ್ರಿಲ್ 14, ಸೋಮವಾರ

ಮಾವ ನನ್ನನ್ನು ಕರೆದದ್ದಲ್ಲ.

ಮಧ್ಯಾಹ್ನ ಕುರ್ಚಿಯನ್ನು ಬಿಸಿಲಿಗೆ ತಳ್ಳುವಾಗ ಹಿಂದಿನ ಕೋಣೆಯ ಮುಂದೆ ಚಕ್ರ ಹಿಡಿದು ನಿಲ್ಲಿಸಿದರು. "ಎಡ..." ಎಂದರು. "ಹೇಳಿ ಮಾವ, ಇಲ್ಲೇ ಇದೀನಿ" ಎಂದೆ. ಅಲ್ಲವೆಂದು ತಲೆಯಾಡಿಸಿ, ಎಡಗೈ ಬೆರಳು ಎತ್ತಿ ಗಾಳಿಯಲ್ಲಿ ಸುತ್ತಿದರು, ಒಂದು ಸುತ್ತು, ಎರಡು ಸುತ್ತು. ಬೆರಳು ಕಲಶದ ಕಡೆಗಿತ್ತು.

ದಾರ. ಅವರು ಸುತ್ತಿದ್ದು ಬಲಗೈಯಲ್ಲಿ. ನಾನು ಸುತ್ತಿದ್ದು ಎಡಗೈಯಲ್ಲಿ.

ಇವರ ಫೋನಿನಲ್ಲಿ ಮೊದಲ ದಿನದ ಫೋಟೋ ಇತ್ತು. ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ಎಳೆಗಳು ಬಲಕ್ಕೆ ಏರಬೇಕಾದಲ್ಲಿ ಎಡಕ್ಕೆ ಏರುತ್ತಿವೆ, ಕನ್ನಡಿಯಲ್ಲಿ ನೋಡಿದಂತೆ. ಇವರು ದಿನಾ ಪೂಜೆ ಮಾಡುತ್ತಾರೆ, ಒಮ್ಮೆಯೂ ಗಮನಿಸಲಿಲ್ಲ. ಮಾವ ಬಾಗಿಲಲ್ಲಿ ಕುರ್ಚಿಯಲ್ಲಿ ಕೂತೇ ಕಂಡುಹಿಡಿದರು.

ಅಂದರೆ ಹನ್ನೆರಡು ದಿನದಿಂದ ಅವರಿಗೆ ಗೊತ್ತು. ಹನ್ನೆರಡು ದಿನದಿಂದ ನನ್ನ ಕೈಯ ಅನ್ನವನ್ನೇ ಉಂಡಿದ್ದಾರೆ. ಈಗ ಅವರ ಮುಖ ನೋಡಲು ಹೆದರಿಕೆಯಾಗುತ್ತಿದೆ.

ಏಪ್ರಿಲ್ 16, ಬುಧವಾರ

ಇನ್ನೆರಡು ದಿನ. ಇವರಿಗೆ ಹೇಳಲೇಬೇಕೆಂದು ಹೋದೆ. ಹೇಳದಿದ್ದರೆ ಊರಿಗೆ ಊರೇ ಬರಿ ಕಲ್ಲಿಗೆ ಕೈ ಮುಗಿಯುತ್ತದೆ, ನನ್ನಿಂದಾಗಿ. ಇನ್ನೂ ನೂರು ವರ್ಷ ಕೈ ಮುಗಿಯುತ್ತಲೇ ಇರುತ್ತದೆ.

ಇವರು ಮಹಡಿಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾವನ ಹಳೆಯ ಧ್ವನಿಮುದ್ರಣ ಹಾಕಿಕೊಂಡು ಮಂತ್ರ ಅಭ್ಯಾಸ ಮಾಡುತ್ತಿದ್ದರು. ಒಂದೇ ಸಾಲಿನಲ್ಲಿ ನಾಲ್ಕು ಸಲ ತಪ್ಪಿದರು. ಎರಡೇ ವಾರದಲ್ಲಿ ಅರ್ಧ ಇಳಿದುಹೋಗಿದ್ದಾರೆ.

"ರೀ, ಒಂದು ಮಾತಿತ್ತು."

"ನನ್ನ ಕೈಲಿ ಆಗುತ್ತೇನೇ ಇದು?" ಎಂದರು. ನನ್ನ ಮಾತು ಕೇಳಿಸಿಯೇ ಇರಲಿಲ್ಲ. "ಅಪ್ಪ ಇಂಥಾ ಪ್ರತಿಷ್ಠೆ ಏಳು ಮಾಡಿದಾರೆ. ನಾನು ಪಕ್ಕದಲ್ಲಿ ಹೂವು ಎತ್ಕೊಟ್ಟಿದೀನಿ ಅಷ್ಟೇ. ಒಂದೇ ಒಂದು ಧೈರ್ಯ ಏನಂದ್ರೆ, ದೇವೀನ ಇಳಿಸಿರೋದು ಅಪ್ಪ. ನಾನು ಬರೀ ಸುರಿಯೋನು. ಆ ನೀರಲ್ಲಿ ಅಪ್ಪನ ಮಂತ್ರ ಇದೆ. ನಾನು ತಪ್ಪಿದ್ರೂ ಅದು ತಪ್ಪಲ್ಲ." ಫೋನು ಕೆಳಗಿಟ್ಟು ಕೇಳಿದರು, "ನೀನೇನೋ ಹೇಳಕ್ಕೆ ಬಂದೆ?"

"ಊಟಕ್ಕೆ ಬನ್ನಿ" ಎಂದೆ.

ಏಪ್ರಿಲ್ 17, ಗುರುವಾರ

ಮಾವನಿಗೆ ಹೇಳಿಬಿಟ್ಟೆ.

ಮಧ್ಯಾಹ್ನ ಇವರು ಗುಡಿಗೆ ಹೋಗಿದ್ದರು, ಮೂರ್ತಿಗೆ ಕಣ್ಣು ಬಿಡಿಸುವ ಹೊತ್ತು. ಮನೆಯಲ್ಲಿ ನಾವಿಬ್ಬರೇ. ಅವರ ತಟ್ಟೆಯಲ್ಲಿ ಕೊನೆಯ ಅನ್ನ ಇತ್ತು, ಮೊಸರು ಬಡಿಸಿ ಬಟ್ಟಲು ಕೆಳಗಿಟ್ಟೆ. ಇಟ್ಟವಳೇ ಶುರು ಮಾಡಿದೆ. ಸ್ಟೂಲು, ಶಾಲು, ಢಣ್ ಎಂದದ್ದು, ನಲ್ಲಿಯ ನೀರು, ದಾರ. ಒದ್ದೆ ಅಕ್ಕಿಯನ್ನು ಬೇಯಿಸಿದ್ದು, ಅವರು ಎರಡು ಸಲ ಹಾಕಿಸಿಕೊಂಡದ್ದು. ಏನನ್ನೂ ಬಿಡಲಿಲ್ಲ. "ನಿಮ್ಮನ್ನ ಬೀಳಿಸಿದ್ದು ನಾನೇ ಮಾವ. ಅವಳನ್ನೂ ಚೆಲ್ಲಿಬಿಟ್ಟೆ. ನಾಳೆ ಆ ಕಲ್ಲಿಗೆ ಏನೂ ಬರಲ್ಲ" ಎಂದೆ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ. ಬೈಯಲು ಅವರಿಗೆ ಮಾತಿಲ್ಲವಲ್ಲ ಎನ್ನುವುದೇ ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

ಮಾವ ಚಮಚದಿಂದ ಮೊಸರಿನ ಬಟ್ಟಲನ್ನು ತಟ್ಟಿದರು.

"ಇನ್ನೊಂಚೂರು ಹಾಕ್ಲಾ?"

ಅಲ್ಲವೆಂದು ತಲೆಯಾಡಿಸಿದರು. ಮತ್ತೆ ತಟ್ಟಿದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದುವವರ ಹಾಗೆ ಎಳೆದರು.

"ಹೆ... ಹೆಪ್ಪಿಗೆ..."

"ಏನು ಮಾವ?"

"ಹೆಪ್ಪಿಗೆ... ಉಳ್ದಿತ್ತಾ?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಅವರು ಕೇಳುತ್ತಿದ್ದದ್ದು ಮೊಸರಿನ ಮಾತಲ್ಲ, ಕಲಶದ್ದು.

"ಉಳಿದಿತ್ತು. ತಳದಲ್ಲಿ. ಒಂದು ಗುಟುಕು."

"ಸಾಕು" ಎಂದರು. ಈ ಮಾತು ಮಾತ್ರ ತೊದಲದೆ ಬಂತು.

"ಮತ್ತೆ ಆ ಅಕ್ಕಿ ಮಾವ? ನೀವು ಉಂಡ್ರಲ್ಲ."

ಎಡಗೈಯಿಂದ ಹೊಟ್ಟೆ ಸವರಿಕೊಂಡರು. "ಇಲ್ಲೂ... ಇದಾಳೆ" ಎಂದು ಸೊಟ್ಟ ಬಾಯಲ್ಲಿ ನಕ್ಕರು. ಆಮೇಲೆ ಚಮಚವನ್ನು ನನ್ನ ಕಡೆಗೂ ತೋರಿಸಿದರು. ನಾನೂ ಉಂಡಿದ್ದೆನಲ್ಲ.

"ದಾರ ಬಿಚ್ಚಿ ಬಲಕ್ಕೆ ಸುತ್ತಲಾ?"

"ಬೇಡ. ಎಡ... ಇರ್ಲಿ."

ತಟ್ಟೆ ಮುಂದಕ್ಕೆ ಸರಿಸಿ, ಇನ್ನೊಂದು ಸಲ ಮೊಸರು ಹಾಕಿಸಿಕೊಂಡರು.

ಏಪ್ರಿಲ್ 18, ಶುಕ್ರವಾರ

ಬೆಳಿಗ್ಗೆ ಇವರು ಕಲಶವನ್ನು ತಲೆಯ ಮೇಲೆ ಹೊತ್ತು ನಡೆದರು. ನಾನು ಗುಂಪಿನ ಹಿಂದೆ ಮಾವನ ಕುರ್ಚಿ ತಳ್ಳಿಕೊಂಡು ಹೋದೆ. ಪ್ರತಿ ಹೆಜ್ಜೆಗೂ ನನ್ನ ಕಣ್ಣು ಕಲಶದ ಮೇಲೇ. ಹೊಸ ಮೆಟ್ಟಿಲು ಎತ್ತರ, ಅಲ್ಲಿ ಇವರ ಕಾಲು ಒಂದಿಷ್ಟು ತಡವರಿಸಿತು. ಬೀಳಲಿಲ್ಲ.

ಮಂತ್ರದಲ್ಲಿ ಎರಡು ಕಡೆ ನಿಂತರು. ಎರಡು ಸಲವೂ ಮಾವನ ತುಟಿ ಅಲುಗುತ್ತಿತ್ತು. ಮೈಕು ಕೂಡ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಇವರು ದಾರ ಬಿಚ್ಚಿ, ಕಲಶ ಎತ್ತಿ ಸುರಿದರು. ನೀರು ಕಲ್ಲಿನ ತಲೆಯ ಮೇಲಿಂದ ಹಣೆಗೆ, ಕಣ್ಣಿಗೆ, ಆ ಚೆಂದದ ಮೂಗಿಗೆ ಇಳಿಯಿತು. ಎಲ್ಲರೂ ಮುಖ ನೋಡಿದರು. ಕಣ್ಣು ಬಿಟ್ಟ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಪಾದ ನೋಡಿದೆ. ಮೂರ್ತಿಯ ಮೈಯೆಲ್ಲ ಒಣಗುವವರೆಗೂ ನಿಂತಿದ್ದೆ. ಗೆರೆ ಎಲ್ಲೂ ಉಳಿಯಲಿಲ್ಲ.

ಸಂಜೆ ಇವರು ಖಾಲಿ ಕಲಶ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. "ಇನ್ನು ಇದು ಬರೀ ಚೊಂಬು. ತೊಳೆದು ಎತ್ತಿಡು" ಎಂದು ಹೇಳಿ, ಎಷ್ಟೋ ದಿನದ ನಿದ್ದೆ ಮಾಡಲು ಹೋದರು.

ತೊಳೆಯಲೆಂದು ಬಗ್ಗಿಸಿದೆ. ತಳದಲ್ಲಿ ಏನೋ ಅಲುಗಿತು. ಹೊಟ್ಟೆ ದಪ್ಪಗಿರುವ ಪಾತ್ರೆ, ಎಷ್ಟು ಬಗ್ಗಿಸಿದರೂ ಪೂರ್ತಿ ಬರಿದಾಗುವುದಿಲ್ಲ. ಒಂದು ಗುಟುಕು ಉಳಿದಿತ್ತು.

ನಲ್ಲಿ ತಿರುಗಿಸಿ ಕತ್ತಿನವರೆಗೆ ನೀರು ತುಂಬಿದೆ. ಹಿಂದಿನ ಕೋಣೆಗೆ ಒಯ್ದು ಮಣೆಯ ಮೇಲಿಟ್ಟು, ಇಟ್ಟಿಗೆ ಒತ್ತು ಕೊಟ್ಟು, ದೀಪ ಹಚ್ಚಿದೆ. ಬಾಗಿಲು ಎಳೆದುಕೊಂಡು ಬಂದವಳು, ಕಿಟಕಿಯ ಚಿಲಕ ಹಾಕಿದೆನೋ ಇಲ್ಲವೋ ಎಂದು ಹೆದರಿ ಮತ್ತೊಮ್ಮೆ ಹೋಗಿ ನೋಡಿ ಬಂದೆ.